ಕಿಟಕಿಗೆ ಕಂಡಷ್ಟು ಬಾಸ್ಕೆಟ್‌ಬಾಲ್

ನನ್ನ ತಂಗಿಯ ಮಗ ಮಂಗಳೂರಿನ ಗುಜರಿ ಅಂಗಡಿಯಿಂದ ಹಳೆಯ ಬಸ್ಸಿನ ಹಾರ್ನ್ ಒಂದನ್ನು ತಂದು ತನ್ನ ಮನೆಯ ಗೋಡೆಗೆ ತೂಗುಹಾಕಿದ್ದಾನೆ. ಹಿತ್ತಾಳೆಯ ಕೊಳವೆ, ಹಿಂದೆ ಕಪ್ಪು ರಬ್ಬರಿನ ಉಂಡೆ. ಕರೆಗಂಟೆ ಇರುವ ಮನೆಗೆ ಇದು ಯಾತಕ್ಕೆಂದು ನಾನು ಕೇಳಲಿಲ್ಲ. ಈಗಿನವರು ಗಾಡಿಯ ಚಕ್ರವನ್ನೂ ಮನೆಯೊಳಗೆ ಇಟ್ಟುಕೊಳ್ಳುತ್ತಾರೆ. ಬಂದವರೆಲ್ಲ ಅದನ್ನೊಮ್ಮೆ ಹಿಸುಕಿ, ಅದು ‘ಪೋಂ’ ಎಂದ ಮೇಲೆ ನಕ್ಕು ಒಳಗೆ ಬರುತ್ತಾರೆ. ನನ್ನ ತೊಂದರೆ ಬೇರೆ. ಯಾರಾದರೂ ಅದನ್ನು ಎರಡು ಸಲ ಹಿಸುಕಿದರೆ ನಾನು ಕೂತಲ್ಲಿಂದ ಎದ್ದು ನಿಲ್ಲುತ್ತೇನೆ. ಸೆರಗು ಸರಿಮಾಡಿಕೊಂಡು ಚೀಲಕ್ಕೆ ಕೈಹಾಕುತ್ತೇನೆ. ಕಳೆದ ಸಲ ಕೈಯಲ್ಲಿ ಕಾಫಿ ಲೋಟವಿತ್ತು. “ಎಲ್ಲಿಗೆ ಹೊರಟದ್ದು ದೊಡ್ಡಮ್ಮ?” ಎಂದು ಹುಡುಗ ಕೇಳಿದ. “ಕಡಬದ ಬಸ್ಸಿಗೆ” ಎಂದೆ. ಅವನು ನನ್ನ ಮಾತ್ರೆಗಳ ಡಬ್ಬಿಯನ್ನು ನೋಡಿದ.

ಈ ರೋಗಕ್ಕೆ ಮಾತ್ರೆ ಇಲ್ಲ. ಇದರ ಮೂಲ ಅರವತ್ತರ ದಶಕದ ಪುತ್ತೂರಿನಲ್ಲಿದೆ. ನಾನಾಗ ಅಲ್ಲಿನ ಕಾಲೇಜೊಂದರಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದೆ. ಮನೆ ರಾಮಕುಂಜದ ಹತ್ತಿರ. ಬೆಳಿಗ್ಗೆ ಕಡಬದಿಂದ ಬರುವ ಬಸ್ಸು ನನ್ನನ್ನು ಪುತ್ತೂರಿಗೆ ಮುಟ್ಟಿಸುತ್ತಿತ್ತು. ಸಂಜೆ ಐದಕ್ಕೆ ಅದೇ ಬಸ್ಸು ಕಾಲೇಜು ಗುಡ್ಡದ ಕೆಳಗೆ ನಿಂತು ನನ್ನನ್ನು ಹಿಂದಕ್ಕೆ ಒಯ್ಯುತ್ತಿತ್ತು.

ಆ ಬಸ್ಸಿಗೂ ಒಂದು ವೇಳಾಪಟ್ಟಿ ಇತ್ತು. ಆದರೆ ಅದಕ್ಕಿಂತ ಮೇಲಿನ ನಿಯಮವೊಂದಿತ್ತು: ದಿನಾ ಬರುವವರನ್ನು ಬಿಟ್ಟುಹೋಗುವ ಹಾಗಿಲ್ಲ. ಕಂಡಕ್ಟರ್ ಬಾಬಣ್ಣನಿಗೆ ಟಿಕೇಟಿನ ಲೆಕ್ಕಕ್ಕಿಂತ ಮುಖಗಳ ಲೆಕ್ಕ ಚೆನ್ನಾಗಿ ಬರುತ್ತಿತ್ತು. ಒಂದು ಮುಖ ಕಡಿಮೆ ಕಂಡರೆ “ಒಬ್ರು ಬರ್ಲಿಕ್ಕುಂಟು” ಎಂದು ಬಾಗಿಲಲ್ಲಿ ನಿಂತುಬಿಡುತ್ತಿದ್ದ. ಒಳಗಿದ್ದವರು ಗೊಣಗುತ್ತಿರಲಿಲ್ಲ, ಏಕೆಂದರೆ ನಾಳೆ ತಡವಾಗುವ ಸರದಿ ಅವರದೇ ಇರಬಹುದು. ಉಪ್ಪಿನಂಗಡಿಯಲ್ಲಿ ಹತ್ತುತ್ತಿದ್ದ ನಾಟಿ ಪಂಡಿತರೊಬ್ಬರು ತೀರಿಕೊಂಡ ಮರುದಿನವೂ ಬಸ್ಸು ಅವರ ಅಂಗಡಿಯ ಮುಂದೆ ಎರಡು ನಿಮಿಷ ನಿಂತಿತು. ಸುದ್ದಿ ಬಾಬಣ್ಣನಿಗೆ ತಲುಪಿರಲಿಲ್ಲ. ತಲುಪಿದ ಮೇಲೆಯೂ ಒಂದು ವಾರ ನಿಲ್ಲುತ್ತಿತ್ತು, ಅಭ್ಯಾಸಕ್ಕೆ.

ಹಾರ್ನಿಗೂ ಕ್ರಮವಿತ್ತು. ಒಂದು ಸಲ ಕೂಗಿದರೆ ‘ಬಂದಿದ್ದೇನೆ’ ಎಂದು. ಎರಡು ಸಲ ಕೂಗಿದರೆ ‘ಹೊರಡುತ್ತೇನೆ, ಇನ್ನು ಓಡಿ ಬಾ’ ಎಂದು. ಬಾಬಣ್ಣ ಹೇಳದೆ ಡ್ರೈವರ್ ಹಾರ್ನ್ ಮುಟ್ಟುತ್ತಿರಲಿಲ್ಲ. ಅದು ಅವರಿಬ್ಬರ ನಡುವಿನ ಶಿಸ್ತು. ಡ್ರೈವರಿಗೆ ಉಳಿದಂತೆ ನಿದ್ದೆಯೇ ಪ್ರಿಯ.

ಈಗ ನಮ್ಮ ಅಜ್ಜಿಯ ವಿಷಯ. ಮನೆಯಲ್ಲಿ ಕೊನೆಯ ಮಾತು ಅವರದು. ಅಪ್ಪ ಜಮೀನು ಅಳೆಯುವುದರಲ್ಲಿ ಹೆಸರಾದವರು, ಪಾಲುಪಟ್ಟಿಯಾದರೆ ಸುತ್ತಲಿನ ಊರಿನವರೆಲ್ಲ ಅವರನ್ನು ಕರೆಸುತ್ತಿದ್ದರು. ಆದರೆ ಅಪ್ಪನ ಅಳತೆಯ ಸರಪಳಿ ನಮ್ಮ ಮನೆಯ ಹೊಸ್ತಿಲಲ್ಲಿ ಮುಗಿಯುತ್ತಿತ್ತು. ಒಳಗೆ ಅಜ್ಜಿ ಜಗಲಿಯಲ್ಲಿ ಕೂತು ಹತ್ತಿಯ ಬತ್ತಿ ಹೊಸೆಯುತ್ತಾ ತೀರ್ಪು ಕೊಡುತ್ತಿದ್ದರು. ಹುಡುಗಿಗೆ ಕಾಲೇಜು ಬೇಡ ಎಂದು ಅವರು ಹೇಳಲಿಲ್ಲ. ನನ್ನ ವಾರಿಗೆಯವರೆಲ್ಲ ಹೈಸ್ಕೂಲು ದಾಟುವ ಮೊದಲೇ ಮದುವೆಯಾಗಿ ಹೋಗಿದ್ದ ಕಾಲದಲ್ಲಿ ಅದೇ ದೊಡ್ಡದು. ಒಂದು ಷರತ್ತು ಮಾತ್ರ ಹಾಕಿದರು: “ಸಂಜೆಯ ಬಸ್ಸಿನಲ್ಲಿ ಇವಳು ಇಳೀಬೇಕು. ಇಳಿಯದ ದಿವಸ ಕಾಲೇಜು ನಿಂತಿತು. ಮತ್ತೆ ಆ ವಿಷಯ ಮಾತಾಡ್ಲಿಕ್ಕಿಲ್ಲ.”

ಅಪ್ಪ ಒಪ್ಪಿದರು. ನಾನೂ ಒಪ್ಪಿದೆ. ಓದಿನ ಆಸೆ ನನಗೆ ಸ್ವಲ್ಪ ಜಾಸ್ತಿಯೇ ಇತ್ತು. ಬಿ.ಎ. ಎಂಬ ಎರಡು ಅಕ್ಷರವನ್ನು ಹೆಸರಿನ ಮುಂದೆ ಬರೆದರೆ ಹೇಗೆ ಕಾಣುತ್ತದೆಂದು ನೋಡಲು ಪುಸ್ತಕದ ಕೊನೆಯ ಹಾಳೆಗಳನ್ನು ಹಾಳುಮಾಡಿದ್ದೆ. ಬಸ್ಸು ತಪ್ಪಿಸಿಕೊಳ್ಳುವಂಥ ಕೆಲಸ ಪುತ್ತೂರಿನಲ್ಲಿ ನನಗೇನಿತ್ತು? ಆಗ ಕಾಲೇಜಿಗೆ ಬಾಸ್ಕೆಟ್‌ಬಾಲ್ ಬಂದಿರಲಿಲ್ಲ.

ಅದು ಬಂದದ್ದು ಮದರಾಸು ಕಡೆಯ ಡ್ರಿಲ್ ಮಾಸ್ತರೊಬ್ಬರ ಜೊತೆ. ಅಲ್ಲಿಯವರೆಗೆ ನಮ್ಮ ಹುಡುಗರಿಗೆ ಕಬಡ್ಡಿ ಮತ್ತು ವಾಲಿಬಾಲ್ ಮಾತ್ರ ಗೊತ್ತಿತ್ತು. ಮಾಸ್ತರು ಕೆಂಪು ಮುರಕಲ್ಲಿನ ಗುಡ್ಡವನ್ನು ಸಮ ಮಾಡಿಸಿದರು, ಎರಡು ಕಂಬ ನಿಲ್ಲಿಸಿದರು, ಹಲಸಿನ ಹಲಗೆ ಹೊಡೆಸಿದರು. ರಿಂಗನ್ನು ಗಾಡಿಯ ಪಟ್ಟಿ ಹೊಡೆಯುವ ಆಚಾರಿ ಬಗ್ಗಿಸಿಕೊಟ್ಟ, ಬಲೆಯನ್ನು ಮಂಗಳೂರಿನ ಮೀನು ಬಲೆಯವರಿಂದ ತಂದರು. ಹುಡುಗರು ಮೊದಲ ವರ್ಷ ಪೂರ್ತಿ ಬಾಸ್ಕೆಟ್‌ಬಾಲನ್ನೂ ಕಬಡ್ಡಿಯ ಹಾಗೆಯೇ ಆಡಿದರು. ಚೆಂಡು ಹಿಡಿದವನ ಕಾಲು ಹಿಡಿದೆಳೆಯುವುದು ತಪ್ಪೆಂದು ಅವರಿಗೆ ಮನವರಿಕೆಯಾಗಲು ಬಹಳ ದಿನ ಬೇಕಾಯಿತು. ಬರಿಗಾಲಿನ ಆಟ. ಆಟ ಮುಗಿಯುವಾಗ ಮೊಣಕಾಲಿನವರೆಗೆ ಕೆಂಪು ಹುಡಿ ಹಿಡಿದು ಎಲ್ಲರೂ ಒಂದೇ ಬಣ್ಣದವರಾಗಿರುತ್ತಿದ್ದರು.

ಕಾಲೇಜಿನಲ್ಲಿ ನಾವು ಹುಡುಗಿಯರು ಆರು ಮಂದಿ. ಪಾಠವಿಲ್ಲದ ಹೊತ್ತಿನಲ್ಲಿ ಲೇಡೀಸ್ ರೂಮಿನಲ್ಲಿ ಇರಬೇಕು, ಮೈದಾನದ ಬಳಿ ಸುಳಿಯಬಾರದು ಎಂಬುದು ನಿಯಮ. ಆ ಕೋಣೆಗೆ ಒಂದು ಬಾಗಿಲು, ಒಂದು ಬೆಂಚು, ಮರದ ಸರಳಿನ ಒಂದು ಕಿಟಕಿ. ಕಿಟಕಿಯ ಆಚೆ ರಸಾಯನಶಾಸ್ತ್ರದ ಕಟ್ಟಡದ ಗೋಡೆ. ಆ ಗೋಡೆ ಕಣ್ಣಿಗೆ ಅಡ್ಡ ಬಂದು, ಅದು ಮುಗಿಯುವಲ್ಲಿಂದ ಬಾಸ್ಕೆಟ್‌ಬಾಲ್ ಅಂಗಳದ ಅರ್ಧ ಕಾಣುತ್ತಿತ್ತು. ಸರಿಯಾಗಿ ಅರ್ಧ. ನಡುಗೆರೆಯಿಂದ ಈಚೆಗೆ, ಒಂದು ರಿಂಗು. ಆಚೆಯ ರಿಂಗನ್ನು ನಾನು ಎರಡು ವರ್ಷ ಕಂಡವಳಲ್ಲ, ಇದೆ ಎಂದು ನಂಬಿದ್ದೆ.

ಬಾಸ್ಕೆಟ್‌ಬಾಲ್ ಗೊತ್ತಿದ್ದವರಿಗೆ ಇದರ ಸಂಕಟ ಅರ್ಥವಾದೀತು. ಆಟದಲ್ಲಿ ಎರಡು ಅರ್ಧ, ನಡುವೆ ತಂಡಗಳು ಕಡೆ ಬದಲಿಸುತ್ತವೆ. ಮೊದಲರ್ಧದಲ್ಲಿ ನಮ್ಮವರು ಈಚೆ ರಿಂಗಿಗೆ ಹೊಡೆಯುತ್ತಿದ್ದರೆ ನನ್ನ ಕಿಟಕಿಯಲ್ಲಿ ಪಾಯಿಂಟು ಮಾಡುವವರು ನಮ್ಮವರು ಮಾತ್ರ. ಎದುರಾಳಿಗಳು ಒಂದೂ ಮಾಡುತ್ತಿರಲಿಲ್ಲ. ಸಂತೋಷದಿಂದ ಎದೆ ಉಬ್ಬುತ್ತಿತ್ತು. ಬಿಡುವಾದ ಮೇಲೆ ಅದೇ ಕಿಟಕಿಯಲ್ಲಿ ಎದುರಾಳಿಗಳು ಮಾತ್ರ ಪಾಯಿಂಟು ಮಾಡುತ್ತಿದ್ದರು, ನಮ್ಮವರು ತಡೆಯುತ್ತಾ ಬೀಳುತ್ತಿದ್ದರು. ಇಪ್ಪತ್ತು ನಿಮಿಷ ನಿರಂತರ ಗೆಲುವು, ಇಪ್ಪತ್ತು ನಿಮಿಷ ನಿರಂತರ ಸೋಲು. ಮನಸ್ಸಿನ ಸಮತೋಲಕ್ಕೆ ಇದು ಒಳ್ಳೆಯದಲ್ಲ.

ಸ್ಕೋರು ಬರೆಯುವ ಕರಿಹಲಗೆಯೂ ಇತ್ತು. ಅದನ್ನು ಒಂದು ಕುರ್ಚಿಯ ಮೇಲೆ ಮೈದಾನದ ಕಡೆಗೆ ಮುಖಮಾಡಿ ಇಡುತ್ತಿದ್ದರು. ನಮಗೆ ಕಾಣುತ್ತಿದ್ದುದು ಅದರ ಬೆನ್ನು. ಬೆನ್ನಿನ ಮೇಲೆ ಯಾರೋ ಬರೆದು ಅಳಿಸದೆ ಬಿಟ್ಟ ರೇಖಾಗಣಿತದ ಪ್ರಮೇಯವೊಂದಿತ್ತು. ಅದು ನನಗೆ ಈಗಲೂ ಬಾಯಿಪಾಠ.

ಕಾಣದ ಅರ್ಧದ ಲೆಕ್ಕ ಇಡುವುದು ದೇವಕಿಯ ಕೆಲಸವಾಗಿತ್ತು. ಅವಳು ಸುಳ್ಯದವಳು, ಪುತ್ತೂರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಓದುತ್ತಿದ್ದಳು. ಗೆಳತಿಯರಲ್ಲಿ ನನಗೆ ಅವಳೇ ಹತ್ತಿರ. ಕಣ್ಣು ಮುಚ್ಚಿ, ಕಿಟಕಿಯ ಸರಳಿಗೆ ಕಿವಿಯಿಟ್ಟು ಅವಳು ಹೇಳುತ್ತಿದ್ದಳು: “ಹಲಗೆಗೆ ಬಡಿಯಿತು. ಒಳಗೆ ಹೋಗ್ಲಿಲ್ಲ. ಈಗ ಹೋಯ್ತು. ಅವರದ್ದು.” ನಾನು ತರ್ಕಶಾಸ್ತ್ರದ ನೋಟ್‌ಪುಸ್ತಕದ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಬಲಗಡೆ ಕಣ್ಣಾರೆ ಕಂಡದ್ದು, ಎಡಗಡೆ ದೇವಕಿ ಕೇಳಿದ್ದು. ಆಟ ಮುಗಿದ ಮೇಲೆ ನಮ್ಮ ಲೆಕ್ಕಕ್ಕೂ ನಿಜವಾದ ಲೆಕ್ಕಕ್ಕೂ ಐದಾರು ಪಾಯಿಂಟು ವ್ಯತ್ಯಾಸ ಬರುತ್ತಿತ್ತು. ದೇವಕಿ ಆಗ ರೆಫ್ರಿಗೆ ಲೆಕ್ಕ ಬರುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳುತ್ತಿದ್ದಳು.

ತಂಡದಲ್ಲಿ ಸಂಪಾಜೆ ಕಡೆಯ ಉದ್ದದ ಹುಡುಗನೊಬ್ಬನಿದ್ದ. ಬನಿಯನಿನ ಮೇಲೆ ಏಳು ಎಂದು ಬರೆದಿತ್ತು, ಆದ್ದರಿಂದ ನಮಗೆ ಅವನು ಏಳು. ಈಚೆ ರಿಂಗಿನ ಅಡಿಯಲ್ಲಿ ಅವನು ಕೈ ಎತ್ತಿದರೆ ಸಾಕು, ಚೆಂಡು ಒಳಗೆ. ಚೆಂಡು ಆಚೆಗೆ ಹೋದಾಗ ಉಳಿದ ನಾಲ್ವರೂ ಹಿಂದೆ ಓಡುತ್ತಿದ್ದರು. ಏಳು ಮಾತ್ರ ಸೊಂಟಕ್ಕೆ ಕೈಯಿಟ್ಟು ಅಲ್ಲೇ ನಿಂತಿರುತ್ತಿದ್ದ. ಅದು ಅವನ ಗಾಂಭೀರ್ಯವೆಂದು ನಾನು ತಿಳಿದಿದ್ದೆ. ಎರಡನೇ ಅರ್ಧದಲ್ಲಿ ಅವನು ನಮ್ಮ ಕಿಟಕಿಗೆ ಕಾಣುತ್ತಲೇ ಇರಲಿಲ್ಲ. ಆಚೆ ಒಬ್ಬನೇ ತಂಡವನ್ನು ಹೊತ್ತು ನಿಂತಿದ್ದಾನೆ ಎಂದು ನಂಬಿದ್ದೆ. ಓದುತ್ತಿರುವ ನೀವು ಈಗೇನೋ ಊಹೆ ಮಾಡುತ್ತಿರಬಹುದು. ಅಂಥದ್ದೇನೂ ಆಗಲಿಲ್ಲ. ನಾನು ಮದುವೆಯಾದವರಿಗೆ ಎಸೆದ ಲಿಂಬೆಹಣ್ಣು ಹಿಡಿಯಲೂ ಬರುವುದಿಲ್ಲ.

ಆ ವರ್ಷದ ಫೆಬ್ರವರಿಯಲ್ಲಿ ಮಂಗಳೂರಿನ ಕಾಲೇಜೊಂದರ ತಂಡ ನಮ್ಮಲ್ಲಿಗೆ ಆಡಲು ಬರುವುದೆಂದಾಯಿತು. ಬಿಳಿ ಕ್ಯಾನ್ವಾಸ್ ಶೂ ಹಾಕುವ ತಂಡ. ಗೆದ್ದವರಿಗೆ ಮುಂದಿನ ಸುತ್ತು. ನಮ್ಮ ತಂಡ ಅದುವರೆಗೆ ಮುಂದಿನ ಸುತ್ತನ್ನು ನೋಡಿಯೇ ಇರಲಿಲ್ಲ. ಮೂರು ಗಂಟೆಗೆ ಆಟ ಎಂದಿತ್ತು. ಮೂರಕ್ಕೆ ಶುರುವಾದರೆ ನಾಲ್ಕಕ್ಕೆ ಮುಗಿಯುತ್ತದೆ, ಐದಕ್ಕೆ ಬಸ್ಸು. ಎಲ್ಲ ಸರಿಯಾಗಿತ್ತು. ಶೂನವರು ಬಂದದ್ದು ನಾಲ್ಕು ಗಂಟೆ ಕಳೆದ ಮೇಲೆ. ಅವರಿಗೆ ಮೊದಲು ಸಜ್ಜಿಗೆ ಅವಲಕ್ಕಿ ಕೊಟ್ಟರು. ನಾನು ಕಿಟಕಿಯಲ್ಲಿ ನಿಂತು ಅವರು ತಿನ್ನುವುದನ್ನು ನೋಡಿದೆ. ಅಷ್ಟು ನಿಧಾನವಾಗಿ ಅವಲಕ್ಕಿ ತಿನ್ನುವವರನ್ನು ನಾನು ಮತ್ತೆ ಕಂಡಿಲ್ಲ.

ಮೊದಲರ್ಧ ನಮ್ಮದು, ಎಂದರೆ ಕಿಟಕಿಯ ಮಟ್ಟಿಗೆ. ಏಳು ಒಬ್ಬನೇ ಹನ್ನೆರಡು ಪಾಯಿಂಟು ಮಾಡಿದ. ಎರಡನೇ ಅರ್ಧದಲ್ಲಿ ಶೂನವರು ನನ್ನ ಕಣ್ಣೆದುರೇ ಒಂದರ ಮೇಲೊಂದು ಹಾಕತೊಡಗಿದರು. ನಮ್ಮ ನಾಲ್ವರು ಧೂಳೆಬ್ಬಿಸುತ್ತಾ ಅಡ್ಡ ಹಾರುತ್ತಿದ್ದರು. ನಾನು ಸರಳು ಹಿಡಿದುಕೊಂಡು ಬೈಯುತ್ತಿದ್ದೆ. ಒಳ್ಳೆಯ ಮನೆತನದ ಹುಡುಗಿ ಬೈಯಬಹುದಾದಷ್ಟೇ ಬೈದೆ, ಅದು ಸಾಕಾಗಲಿಲ್ಲ, ಮತ್ತೆ ತುಳುವಿನಲ್ಲಿ ಬೈದೆ. ಐದು ಗಂಟೆ ಆಗುವಾಗ ನನ್ನ ಲೆಕ್ಕದಲ್ಲಿ ನಾವು ಒಂದು ಪಾಯಿಂಟು ಮುಂದೆ, ದೇವಕಿಯ ಲೆಕ್ಕದಲ್ಲಿ ಒಂದು ಪಾಯಿಂಟು ಹಿಂದೆ.

“ನಿನಗೆ ಬಸ್ಸಿಲ್ವಾ?” ಎಂದಳು ದೇವಕಿ.

“ಹಾರ್ನ್ ಆಗ್ಲಿಲ್ಲ.”

ಐದೂ ಹತ್ತಾಯಿತು. ಹಾರ್ನ್ ಆಗಲಿಲ್ಲ. ಐದೂ ಇಪ್ಪತ್ತು. “ಬಸ್ಸು ಹೋಗಿಯಾಯ್ತು ಮಾರಾಯ್ತಿ, ನಿನ್ನ ಕಾಲೇಜೂ ಹೋಯ್ತು” ಎಂದಳು. ಬಸ್ಸು ಕೆಟ್ಟಿರಬೇಕು, ಇನ್ನೂ ಬಂದಿಲ್ಲ, ಬಂದರೆ ಕೂಗುತ್ತದೆ ಎಂದೆ. ಕೆಳಗೆ ಹೋಗಿ ನೋಡಿ ಬರುವುದಕ್ಕೆ ಐದು ನಿಮಿಷ ಸಾಕು. ಆದರೆ ಆಟದಲ್ಲಿ ಉಳಿದದ್ದೂ ಅಷ್ಟೇ. ನಾನು ಹೋಗಲಿಲ್ಲ.

ಕೊನೆಗೆ ಚೆಂಡು ನಡುಗೆರೆ ದಾಟಿ ಆಚೆಗೆ ಹೋಯಿತು. ಹಲಗೆಗೆ ಬಡಿದ ಶಬ್ದ ಕೇಳಿತು. ಕೂಗೆದ್ದಿತು, ವಿಸಿಲ್ ಊದಿತು, ಮೈದಾನದ ಸುತ್ತ ನಿಂತಿದ್ದವರೆಲ್ಲ ಒಮ್ಮೆಗೇ ಆಚೆ ಕಡೆಗೆ ಓಡಿದರು. ಕಿಟಕಿಯಲ್ಲಿ ಬರಿಯ ಕೆಂಪು ಧೂಳು ಉಳಿಯಿತು.

“ಗೆದ್ದದ್ದಾ?” ಎಂದು ಕೇಳಿದೆ.

ದೇವಕಿ ಕಣ್ಣು ಬಿಟ್ಟಳು. “ಎತ್ತಿಕೊಂಡು ಕುಣಿಲಿಕ್ಕೆ ಓಡಿದ್ದೋ, ರೆಫ್ರಿಗೆ ಹೊಡೀಲಿಕ್ಕೆ ಓಡಿದ್ದೋ, ಶಬ್ದದಲ್ಲಿ ಗೊತ್ತಾಗುದಿಲ್ಲ” ಎಂದಳು.

ನಿಂತು ವಿಚಾರಿಸಲು ಸಮಯವಿರಲಿಲ್ಲ. ಹುಡುಗಿಯರು ಮೈದಾನ ದಾಟುವಂತಿಲ್ಲವಾದ್ದರಿಂದ ಗುಡ್ಡ ಸುತ್ತಿ ಬರುವ ದಾರಿಯಲ್ಲಿ ಚೀಲ ಅಪ್ಪಿಕೊಂಡು ಓಡಿದೆ. ಕೆಳಗೆ ಬಂದರೆ ಬಸ್ಸು ನಿಂತಿತ್ತು. ಒಳಗೆ ತುಂಬ ಜನ, ಡ್ರೈವರ್ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಿದ್ದೆ. ಬಾಗಿಲಲ್ಲಿ ಬಾಬಣ್ಣ ಏದುಸಿರು ಬಿಡುತ್ತಾ ನಿಂತಿದ್ದ. ಅವನ ಖಾಕಿ ಪ್ಯಾಂಟಿಗೆ ಮೊಣಕಾಲಿನವರೆಗೆ ಕೆಂಪು ಹುಡಿ. ಅದನ್ನು ನಾನು ಕಂಡೆ, ಆದರೆ ಅದರ ಅರ್ಥವೇನೆಂದು ಯೋಚಿಸುವ ಸ್ಥಿತಿಯಲ್ಲಿರಲಿಲ್ಲ.

“ಬಂದ್ರಾ ಅಕ್ಕ?” ಎಂದು ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದ. “ನಿಮಗೆ ಬೇಕಾಗಿ ಅರ್ಧ ಗಂಟೆ ನಿಲ್ಲಿಸಿದ್ದು. ನಾನು ಮೇಲೆ ಹೋಗಿ ಹುಡುಕಿ ಹುಡುಕಿ ಸಾಕಾಯ್ತು.”

ಮೂವತ್ತು ಜನ ನನ್ನನ್ನು ನೋಡಿದರು. ಎದುರು ಸೀಟಿನಲ್ಲಿ ಆಲಂಕಾರಿನ ಹಿರಿಯರೊಬ್ಬರು ಮಡಿಲಲ್ಲಿ ಎರಡು ಕೋಳಿ ಇಟ್ಟುಕೊಂಡು ಕೂತಿದ್ದರು. “ಎಂತ ಮಗಾ, ಇಷ್ಟು ಹೊತ್ತು ಎಂತ ಮಾಡ್ತಾ ಇದ್ದದ್ದು?” ಎಂದರು. ಬೇರೆ ದಾರಿ ಕಾಣದೆ ಬಾಸ್ಕೆಟ್‌ಬಾಲ್ ಆಟ ನೋಡುತ್ತಿದ್ದೆ ಎಂದೆ.

“ಹಾಗಾದ್ರೆ ಯಾರು ಗೆದ್ದದ್ದು?”

ಇದಕ್ಕೆ ಗೊತ್ತಿಲ್ಲ ಎಂದು ಉತ್ತರ ಕೊಡುವುದು ಹೇಗೆ? ಮೂವತ್ತು ಜನ, ಎರಡು ಕೋಳಿ, ಅರ್ಧ ಗಂಟೆ ಕಾದಿದ್ದಾರೆ. “ನಾವೇ. ಎರಡು ಪಾಯಿಂಟಿಗೆ” ಎಂದೆ. ಬಾಬಣ್ಣನಿಗೆ ಕೆಮ್ಮು ಬಂತು. ಕೆಮ್ಮು ನಿಲ್ಲಿಸಿಕೊಂಡು ಹಿಂದಿನ ಸೀಟಿಗೆ ಟಿಕೇಟು ಹರಿಯಲು ಹೋದ.

ಆಮೇಲೆ ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಮಂಗಳೂರಿನವರನ್ನು ಸೋಲಿಸಿದ್ದು ಎಂದರೆ ಸಾಮಾನ್ಯವೇ? ಆಟ ಎಂಥದ್ದೆಂದು ಯಾರಿಗೂ ಗೊತ್ತಿರಲಿಲ್ಲ, ಅದರಿಂದ ಸಂತೋಷಕ್ಕೆ ಅಡ್ಡಿಯಾಗಲಿಲ್ಲ. ಇಳಿದ ಪ್ರತಿ ಸ್ಟಾಪಿನಲ್ಲೂ ಜನ ತಡವಾದ ಕಾರಣವನ್ನೂ ಗೆದ್ದ ಸುದ್ದಿಯನ್ನೂ ಒಟ್ಟಿಗೆ ಇಳಿಸಿಹೋದರು. ಉಪ್ಪಿನಂಗಡಿಯ ಹೋಟೆಲಿನ ಎದುರು ಒಬ್ಬರು ಎರಡು ಪಾಯಿಂಟನ್ನು ಹತ್ತು ಮಾಡಿದ್ದನ್ನು ನಾನೇ ಕೇಳಿದೆ.

ರಾಮಕುಂಜದಲ್ಲಿ ಅಪ್ಪ ರಸ್ತೆ ಬದಿಯಲ್ಲಿ ನಿಂತಿದ್ದರು. ಹೊತ್ತು ಮುಳುಗಿತ್ತು. ನಾನು ಇಳಿಯುವ ಮೊದಲೇ ಬಾಬಣ್ಣ ಬಾಗಿಲಿಂದ ತಲೆ ಹೊರಹಾಕಿ, “ಭಟ್ರೆ, ತಡ ಆದದ್ದು ನಮ್ಮಿಂದ ಅಲ್ಲ. ನಿಮ್ಮ ಮಗಳಿಗೆ ಕಾದದ್ದು” ಎಂದ. ಬಸ್ಸು ಹೋಯಿತು.

ಜಗಲಿಯಲ್ಲಿ ವಿಚಾರಣೆ ನಡೆಯಿತು. ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಅಪ್ಪ ನನ್ನ ಪರವಾಗಿ ಮಾತಾಡಿದರು, ಅದನ್ನು ನಾನು ಮರೆತಿಲ್ಲ. ಅವರದು ಅಳತೆಯ ವಾದ: “ಬಸ್ಸಿನಲ್ಲಿ ಇಳೀಬೇಕು ಅಂತ ಹೇಳಿದ್ದು. ಗಂಟೆ ಹೇಳ್ಲಿಲ್ಲ. ಅದೇ ಬಸ್ಸಿನಲ್ಲಿ ಇಳಿದಿದ್ದಾಳೆ.”

“ದಿನಾ ಇವಳು ಬಸ್ಸಿಗೆ ಕಾಯುದು. ಇವತ್ತು ಬಸ್ಸು ಇವಳಿಗೆ ಕಾದದ್ದು, ಅರ್ಧ ಗಂಟೆ” ಎಂದರು ಅಜ್ಜಿ. “ಊರಿನವರನ್ನೆಲ್ಲ ಕೂರಿಸಿ ಇವಳು ಆಟ ನೋಡಿದ್ದು. ನಾಳೆ ಹೋಗಿ ಪುಸ್ತಕ ವಾಪಸು ಕೊಟ್ಟು ಬರ್ಲಿ.”

ಅಪ್ಪನ ಸರಪಳಿಯಲ್ಲಿ ಇದಕ್ಕೆ ಕೊಂಡಿ ಇರಲಿಲ್ಲ. ನಾನು ಒಳಗೆ ಹೋಗಿ ಲೈಬ್ರರಿಯ ಮೂರು ಪುಸ್ತಕಗಳನ್ನು ಚೀಲದಲ್ಲಿ ಹಾಕಿದೆ. ಊಟ ಸೇರಲಿಲ್ಲ. ದುಃಖ ಕಾಲೇಜಿಗಾಗಿ, ಅದು ಸರಿಯೇ. ಆದರೆ ನಿಜ ಹೇಳಬೇಕಾದರೆ ಅದರ ನಡುವೆಯೂ ಒಂದು ಪ್ರಶ್ನೆ ಕೊರೆಯುತ್ತಿತ್ತು: ಗೆದ್ದದ್ದು ಯಾರು?

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಬಾಬಣ್ಣ ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. ಕಾಲೇಜಿನಲ್ಲಿ ದೇವಕಿ ಲೇಡೀಸ್ ರೂಮಿನ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳ ಚಿಕ್ಕಪ್ಪನ ಮಗ ಆಟ ಪೂರ್ತಿ ನೋಡಿದ್ದನಂತೆ.

“ಸೋತದ್ದು. ಒಂದು ಪಾಯಿಂಟಿಗೆ” ಎಂದಳು. “ಕೊನೆಯ ಚೆಂಡು ನಿನ್ನ ಏಳು ಹಾಕಿದ್ದು, ಹಲಗೆಗೆ ಬಡಿದು ಹೊರಗೆ. ಎರಡನೇ ಅರ್ಧ ಪೂರ್ತಿ ಅವ ಆಚೆ ರಿಂಗಿನ ಅಡಿಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದನಂತೆ. ಈಚೆ ಬರುದೇ ಇಲ್ಲ. ಯಾವಾಗಲೂ ಹಾಗೆಯೇ ಅಂತೆ. ನಾಲ್ಕೇ ಜನ ತಡೆಯುದು, ಹೇಗೆ ಗೆಲ್ಲುದು?”

ನಾನು ಬೆಂಚಿನ ಮೇಲೆ ಕೂತೆ.

“ಇನ್ನೊಂದುಂಟು” ಎಂದಳು ದೇವಕಿ. “ಅವನ ಪಕ್ಕದಲ್ಲೇ ಕಂಬಕ್ಕೆ ಒರಗಿ ನಿಂತದ್ದು ಯಾರು ಗೊತ್ತುಂಟಾ? ನಿನ್ನ ಬಸ್ಸಿನ ಕಂಡಕ್ಟರ್. ಐದು ಗಂಟೆಯಿಂದ ಕೊನೆಯವರೆಗೆ. ರೆಫ್ರಿಗೆ ಎಲ್ಲರಿಗಿಂತ ಜೋರು ಬೈದದ್ದೂ ಅವನೇ ಅಂತೆ.”

ಖಾಕಿ ಪ್ಯಾಂಟಿನ ಕೆಂಪು ಹುಡಿ ಆಗ ಅರ್ಥವಾಯಿತು. ಬಸ್ಸು ಬಂದಾಗ ಮೇಲಿನಿಂದ ಕೂಗು ಕೇಳಿಸಿದೆ. ಹುಡುಗಿಯನ್ನು ಕರೆದುಕೊಂಡು ಬರುತ್ತೇನೆಂದು ಹೇಳಿ ಹತ್ತಿದ್ದಾನೆ, ಅಲ್ಲೇ ಉಳಿದಿದ್ದಾನೆ. ಅವನು ಹೇಳದೆ ಡ್ರೈವರ್ ಹಾರ್ನ್ ಒತ್ತುವುದಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪುಸ್ತಕಗಳನ್ನು ಕೊಟ್ಟು ರಶೀದಿ ಪಡೆದು, ಸಂಜೆ ಬಸ್ಸಿನಲ್ಲಿ ಎಲ್ಲರೆದುರು ಅವನ ಮಾನ ಕಳೆಯಬೇಕೆಂದು ಇಳಿಜಾರು ಇಳಿದೆ. ಏನೇನು ಹೇಳಬೇಕೆಂದು ಸಾಲಾಗಿ ಜೋಡಿಸಿಟ್ಟುಕೊಂಡಿದ್ದೆ.

ಬಸ್ಸು ಹತ್ತಿದೊಡನೆ ಆಲಂಕಾರಿನ ಹಿರಿಯರು ಜಾಗ ಬಿಟ್ಟುಕೊಟ್ಟರು. ಅಂದು ಅವರಲ್ಲಿ ಕೋಳಿ ಇರಲಿಲ್ಲ. “ನಾನು ಊರಿಡೀ ಹೇಳಿಬಿಟ್ಟೆ ಮಗಾ, ನಮ್ಮ ಮಕ್ಕಳು ಗೆದ್ದದ್ದು ಅಂತ. ಮೊಮ್ಮಗನಿಗೂ ಹೇಳಿದೆ. ಅವನೂ ನಿಮ್ಮ ಕಾಲೇಜಿಗೇ ಬರ್ತಾನಂತೆ” ಎಂದರು. ಅವರ ಮುಖ ನೋಡಿದ ಮೇಲೆ ನಾನು ಜೋಡಿಸಿಟ್ಟದ್ದೆಲ್ಲ ಚೆದುರಿಹೋಯಿತು. ಬಾಬಣ್ಣ ಸುಳ್ಳು ಹೇಳಿದ ಎಂದು ಹೇಳಲು ಹೊರಟ ನಾನು ಇವರಿಗೆ ಹೇಳಿದ್ದು ಏನು? ಎದ್ದು ನಿಂತೆ.

“ನಿನ್ನೆ ನಾನು ಹೇಳಿದ್ದು ಸುಳ್ಳು. ನಾವು ಸೋತದ್ದು, ಒಂದು ಪಾಯಿಂಟಿಗೆ. ನನಗೆ ಗೊತ್ತಿರ್ಲಿಲ್ಲ. ಎಲ್ಲರನ್ನೂ ಕಾಯಿಸಿ ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ನಾಚಿಕೆ ಆಯ್ತು. ನಾಳೆಯಿಂದ ನನಗೆ ಕಾಯುದು ಬೇಡ. ಕಾಲೇಜು ಬಿಡಿಸಿದ್ರು.”

“ಅಂದ್ರೆ ಅರ್ಧ ಗಂಟೆ ಕಾದದ್ದು ಸೋಲಿಗಾ?” ಎಂದು ಹಿಂದಿನಿಂದ ಒಬ್ಬರು ಕೇಳಿದರು. ಅವರನ್ನು ಪಕ್ಕದವರು ಸುಮ್ಮನಿರಿಸಿದರು. ಬಾಬಣ್ಣ ಟಿಕೇಟಿನ ಕಟ್ಟನ್ನು ಹಿಡಿದುಕೊಂಡು ನಿಂತೇ ಇದ್ದ. ಉಪ್ಪಿನಂಗಡಿಯವರೆಗೆ ಯಾರಿಗೂ ಟಿಕೇಟು ಹರಿಯಲಿಲ್ಲ.

ರಾಮಕುಂಜದಲ್ಲಿ ನಾನು ಇಳಿದಾಗ ಅವನೂ ಇಳಿದ. “ಎರಡು ನಿಮಿಷ, ಈಗ ಬಂದೆ” ಎಂದು ಬಸ್ಸಿನವರಿಗೆ ಹೇಳಿ ನನ್ನ ಮತ್ತು ರಸ್ತೆ ಬದಿಗೆ ಬಂದಿದ್ದ ಅಪ್ಪನ ಹಿಂದೆಯೇ ಬಂದ. ಎರಡು ನಿಮಿಷದ ದಾರಿಯಲ್ಲ, ಹೋಗಲಿಕ್ಕೇ ಐದು ನಿಮಿಷ ಬೇಕು. ಅಂಗಳದಲ್ಲಿ ಬಾಬಣ್ಣ ಚಪ್ಪಲಿ ಬಿಟ್ಟು, ಟೊಪ್ಪಿ ತೆಗೆದು ನಿಂತ. ಅಜ್ಜಿ ಜಗಲಿಯಲ್ಲಿದ್ದರು.

“ಅಮ್ಮ, ನಿನ್ನೆ ತಡ ಆದದ್ದು ನನ್ನಿಂದ. ನಾನೇ ಆಟ ನೋಡ್ತಾ ನಿಂತೆ. ಹಾರ್ನ್ ಹೊಡೆಸ್ಲಿಲ್ಲ. ಹಾರ್ನ್ ಆಗದೆ ಅಕ್ಕನಿಗೆ ಬಸ್ಸು ಬಂದದ್ದು ಗೊತ್ತಾಗುದು ಹೇಗೆ? ಬಸ್ಸಿನವರು ಬೈತಾರೆ ಅಂತ ಅವರ ಹೆಸರು ಹೇಳಿದೆ. ತಪ್ಪಾಯ್ತು.”

ಅಪ್ಪನ ಮುಖ ಅರಳಿತು. ಅಳತೆ ಸರಿಬಂದಾಗ ಅವರ ಮುಖ ಹಾಗಾಗುತ್ತಿತ್ತು. ಅಜ್ಜಿ ಹೊಸೆಯುತ್ತಿದ್ದ ಬತ್ತಿಯನ್ನು ಹರಿವಾಣದಲ್ಲಿಟ್ಟರು. ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದರು.

“ಹಾರ್ನ್ ಹೊಡೆದಿದ್ರೆ ನೀನು ಬರ್ತಿದ್ದೆಯ?”

ಬರುತ್ತಿದ್ದೆ ಎಂದರೆ ಮುಗಿಯುತ್ತಿತ್ತು. ಅಪ್ಪ ಅದನ್ನೇ ಹೇಳು ಎಂಬಂತೆ ನೋಡುತ್ತಿದ್ದರು. ಬಾಬಣ್ಣನೂ ನೋಡುತ್ತಿದ್ದ. ಆದರೆ ಆ ಕೊನೆಯ ಐದು ನಿಮಿಷ ನನಗೆ ನೆನಪಿತ್ತು. ಕೆಳಗೆ ಇಳಿದು ನೋಡದೆ ನಿಂತದ್ದು ಹಾರ್ನ್ ಆಗಲಿಲ್ಲ ಎಂದಲ್ಲ.

“ಇಲ್ಲ ಅಜ್ಜಿ” ಎಂದೆ. “ಒಂದೇ ಪಾಯಿಂಟು ಇದ್ದದ್ದು. ಬರ್ತಿರ್ಲಿಲ್ಲ.”

ಅಪ್ಪ ಕಣ್ಣು ಮುಚ್ಚಿಕೊಂಡರು. ಅಜ್ಜಿ ಮತ್ತೆ ಕೇಳಿದರು, “ಹಾಗೆ ನೋಡುವಂಥದ್ದು ಎಂತ ಉಂಟು ಅದರಲ್ಲಿ?”

ನಾನು ಹೇಳಹೊರಟೆ. ರಿಂಗು, ಹಲಗೆ, ಎರಡು ಕಡೆ. ಗೋಡೆಯ ವಿಷಯವೂ ಬಂತು. ಈಚೆಯ ಅರ್ಧ ಕಾಣುತ್ತದೆ, ಆಚೆಯದು ದೇವಕಿ ಕೇಳಿ ಹೇಳುವುದು, ಕೊನೆಯ ಚೆಂಡು ಹೋದದ್ದು ಆಚೆಗೆ, ಅದನ್ನು ನಾನು ನೋಡಲೇ ಇಲ್ಲ. ಇಷ್ಟು ಹೇಳುವಾಗ ಅಳು ಬಂತು. ಕಾಲೇಜಿಗೆ ಬಾರದ ಅಳು ಆ ಚೆಂಡಿಗೆ ಬಂತು. ನನಗೇ ನಾಚಿಕೆಯಾಯಿತು.

“ಎರಡು ವರ್ಷದಿಂದ ಅರ್ಧವೇ ನೋಡುದಾ?” ಎಂದರು ಅಜ್ಜಿ.

“ಹೌದು.”

“ಅರ್ಧ ಆಟಕ್ಕೆ ಯಾರಾದ್ರೂ ಕಾಲೇಜು ಕಳಕೊಳ್ತಾರಾ ಪೆದ್ದೆ? ಕಳಕೊಳ್ಳುದಾದ್ರೆ ಪೂರ್ತಿ ನೋಡಿ ಕಳಕೊ.”

ಇದು ತೀರ್ಪೋ ಬೈಗುಳವೋ ಅಪ್ಪನಿಗೂ ಗೊತ್ತಾಗಲಿಲ್ಲ. ಬಾಬಣ್ಣ ಟೊಪ್ಪಿಯನ್ನು ತಿರುಗಿಸುತ್ತಾ, ಹೋಗಲೋ ನಿಲ್ಲಲೋ ಎಂದು ನಿಂತಿದ್ದ. ಅಜ್ಜಿ ಹರಿವಾಣವನ್ನು ಹತ್ತಿರಕ್ಕೆ ಎಳೆದುಕೊಂಡು ಇನ್ನೊಂದು ಬತ್ತಿಗೆ ಹತ್ತಿ ಹಿಡಿದರು. ಆಮೇಲೆ ತಲೆಯೆತ್ತದೆ ಅವನಿಗೆ ಹೇಳಿದರು:

“ನೀನು ಇನ್ನು ಹೋಗು, ಬಸ್ಸಿನಲ್ಲಿ ಜನ ಕಾಯ್ತಾ ಉಂಟು. ನಾಳೆ ಬೆಳಿಗ್ಗೆ ಇವಳು ಬರುವಾಗ ಸ್ವಲ್ಪ ತಡ ಆದೀತು, ಅಳುವವರು ಬೇಗ ಏಳುದಿಲ್ಲ. ನಿಲ್ಲಿಸಿಕೊ.”